ನನ್ನ ಹೃದಯ ಕಲಕಿತು (5 ಅಂಕ)

ಪದವಿ ತರಗತಿಗಳಿಗೆ ಕನ್ನಡ ಪಾಠ ಮಾಡುವ ನನ್ನಂಥವನ ಮೇಜಿನ ಮೇಲೆ ಪ್ರತಿ ಸೆಮಿಸ್ಟರಿನ ಕೊನೆಯ ವಾರದಲ್ಲಿ ಅರವತ್ತೆರಡು ಹೃದಯಗಳು ಬಂದು ಬೀಳುತ್ತವೆ. ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು, ಮೊದಲ ಪುಟದಲ್ಲಿ ಕಾಲೇಜಿನ ಲಾಂಛನವನ್ನೂ ನನ್ನ ಹೆಸರಿನ ಹಿಂದೆ ನನಗಿಲ್ಲದ ಡಾಕ್ಟರೇಟನ್ನೂ ಧರಿಸಿಕೊಂಡು ಬರುವ ಈ ಹೃದಯಗಳನ್ನು ನಮ್ಮಲ್ಲಿ ಅಸೈನ್‌ಮೆಂಟ್ ಎಂದು ಕರೆಯುತ್ತಾರೆ. ಪ್ರಶ್ನೆ ಪ್ರತಿ ವರ್ಷವೂ ಒಂದೇ: 'ಈ ಪಠ್ಯವನ್ನು ಓದಿದಾಗ ನಿಮಗೆ ಏನನ್ನಿಸಿತು? ನಿಮ್ಮದೇ ಮಾತುಗಳಲ್ಲಿ ಬರೆಯಿರಿ.' ಉತ್ತರವೂ ಒಂದೇ: 'ಈ ಪಠ್ಯವನ್ನು ಓದಿ ನನ್ನ ಹೃದಯ ಕಲಕಿತು.' ಅಸ್ಪೃಶ್ಯತೆಯ ಬಗ್ಗೆ ಓದಿದರೂ ಕಲಕುತ್ತದೆ, ವರದಕ್ಷಿಣೆಯ ಬಗ್ಗೆ ಓದಿದರೂ ಕಲಕುತ್ತದೆ, ಕೆರೆ ಮುಚ್ಚಿ ಬಡಾವಣೆ ಮಾಡಿದ್ದರ ಬಗ್ಗೆ ಓದಿದರೂ ಕಲಕುತ್ತದೆ. ಒಂದು ವರ್ಷ ಪರೀಕ್ಷಿಸಿ ನೋಡೋಣವೆಂದು ಹಾಸ್ಯ ಪ್ರಬಂಧವೊಂದನ್ನು ಕೊಟ್ಟೆ; ಆಗಲೂ ಕಲಕಿತು.

ಇದರಲ್ಲಿ ಮಕ್ಕಳ ತಪ್ಪನ್ನು ಹುಡುಕುವವರಿಗೆ ನಮ್ಮ ವ್ಯವಸ್ಥೆಯ ಸೂಕ್ಷ್ಮ ತಿಳಿದಿಲ್ಲ. ಸ್ವಂತ ಅಭಿಪ್ರಾಯಕ್ಕೆ ಐದು ಅಂಕಗಳೆಂದು ನಿಗದಿಯಾದ ಮೇಲೆ ಅವನ್ನು ಮನಬಂದಂತೆ ಕೊಡಲು ಬರುವುದಿಲ್ಲವಾದ್ದರಿಂದ ನಾವು ಸಭೆ ಸೇರಿ, ಲೇಖಕರ ಪರಿಚಯಕ್ಕೆ ಒಂದು, ಪಠ್ಯದ ಆಶಯಕ್ಕೆ ಒಂದು, ಸಾಮಾಜಿಕ ಸಂದೇಶಕ್ಕೆ ಒಂದು, ಉಪಸಂಹಾರಕ್ಕೆ ಒಂದು ಮತ್ತು ಅಂದವಾದ ಬರವಣಿಗೆಗೆ ಒಂದು ಎಂದು ಹಂಚಿದೆವು. ಎಲ್ಲವನ್ನೂ ಹಂಚಿ ಮುಗಿದಾಗ ಅಭಿಪ್ರಾಯಕ್ಕೆಂದು ಏನೂ ಉಳಿದಿರಲಿಲ್ಲ. ಹೊಸದಾಗಿ ಸೇರಿದ್ದ ಅತಿಥಿ ಉಪನ್ಯಾಸಕಿಯೊಬ್ಬರು ಇದನ್ನು ಎತ್ತಿ ಹೇಳಿದಾಗ ಮುಖ್ಯಸ್ಥರು, "ಅದು ಉಪಸಂಹಾರದಲ್ಲೇ ಬಂದುಬಿಡುತ್ತದಲ್ಲಮ್ಮ" ಎಂದು ಚಹಾ ತರಿಸಿದರು.

ಹೃದಯದ ಮಾರುಕಟ್ಟೆಯೂ ಸ್ಥಿರವಾಗಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯದ ಪದವಿ ಕಾಲೇಜುಗಳಿಗೆ ಬಂದಾಗ ಆಂತರಿಕ ಮೌಲ್ಯಮಾಪನಕ್ಕೆ ನೂರರಲ್ಲಿ 40 ಅಂಕಗಳಿದ್ದವು. 2024-25ರಲ್ಲಿ ಆ ನೀತಿ ಹೋಗಿ ರಾಜ್ಯದ್ದೇ ನೀತಿ ಬಂದಾಗ ಅವು 20ಕ್ಕೆ ಇಳಿದವು. ವಿದ್ಯಾರ್ಥಿಗಳ ಅಂತರಂಗದ ಬೆಲೆ ಹೀಗೆ ಒಂದೇ ಆದೇಶದಿಂದ ಅರ್ಧಕ್ಕೆ ಕುಸಿದರೂ ಯಾರ ಹೃದಯವೂ ಒಂದಿಷ್ಟು ಕಡಿಮೆ ಕಲಕಲಿಲ್ಲವೆಂಬುದನ್ನು ಇಲ್ಲಿ ಅಭಿಮಾನದಿಂದ ದಾಖಲಿಸುತ್ತೇನೆ. ದಾಖಲೆಯ ಮಾತು ಬಂದದ್ದರಿಂದ ಹೇಳುವುದಾದರೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಪ್ರತಿ ಚಟುವಟಿಕೆಗೂ ಜಿಯೋ ಟ್ಯಾಗ್ ಮಾಡಿದ ಫೋಟೊ ಬೇಕಾಗುತ್ತದೆ. ಆದ್ದರಿಂದ ಓದಿ ಕಲಕಿದ ವಿದ್ಯಾರ್ಥಿಗಳನ್ನು ಗ್ರಂಥಾಲಯದ ಮುಂದೆ ಸಾಲಾಗಿ ನಿಲ್ಲಿಸಿ, ನಗಬಾರದೆಂದು ಹೇಳಿ, ಅಕ್ಷಾಂಶ ರೇಖಾಂಶಗಳ ಸಮೇತ ಚಿತ್ರ ತೆಗೆದು ಕಡತಕ್ಕೆ ಸೇರಿಸಿದ್ದೇವೆ.

ಈ ಸಾಹಿತ್ಯ ಸ್ಪಂದನದ ನಿಜವಾದ ಕೇಂದ್ರ ಮಾತ್ರ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿ. ಅಲ್ಲಿಯ ಕಂಪ್ಯೂಟರಿನಲ್ಲಿ 'ಫೀಲಿಂಗ್ಸ್ ಕನ್ನಡ' ಎಂಬ ಫೋಲ್ಡರ್ ಇದ್ದು, ಅದರೊಳಗೆ ಜಾತಿ, ಮಹಿಳೆ, ರೈತ, ಪರಿಸರ ಎಂಬ ನಾಲ್ಕು ಫೈಲುಗಳಿವೆ. ಅಂಗಡಿಯವರು ನನ್ನ ಮುಂದೆ ಏನನ್ನೂ ಮುಚ್ಚಿಡುವುದಿಲ್ಲ. "ಜಾತಿ ಎಂಟು ಪುಟ ಬರುತ್ತೆ ಸರ್, ರೈತ ಆರೇ ಪುಟ. ಮಹಿಳೆಗೆ ಡಿಮ್ಯಾಂಡ್ ಜಾಸ್ತಿ" ಎಂದು ಅವರು ವಿವರಿಸಿದ್ದನ್ನು ಕೇಳಿದಾಗ, ಸಮಾಜವಿಜ್ಞಾನದ ನಮ್ಮ ಸಹೋದ್ಯೋಗಿಗಳು ಇಷ್ಟು ಸ್ಪಷ್ಟವಾಗಿ ಮಾತನಾಡಿದ್ದನ್ನು ನಾನು ಕೇಳಿಲ್ಲವಲ್ಲ ಎನ್ನಿಸಿತು. ನಕಲನ್ನು ತಡೆಯುವುದಕ್ಕಾಗಿ ಅಸೈನ್‌ಮೆಂಟ್ ಕೈಬರಹದಲ್ಲೇ ಇರಬೇಕೆಂದು ನಾವು ಕಟ್ಟಪ್ಪಣೆ ಮಾಡಿದ್ದೇವೆ. ಅದರ ಫಲವಾಗಿ, ತಾಳೆಗರಿಯೊಂದಿಗೆ ಅಳಿದುಹೋಯಿತೆಂದು ನಾವು ಮರುಗುತ್ತಿದ್ದ ಲಿಪಿಕಾರ ಪರಂಪರೆ ಬಿ.ಕಾಂ. ಎರಡನೆಯ ಸೆಮಿಸ್ಟರಿನಲ್ಲಿ ಪುನರುಜ್ಜೀವನಗೊಂಡಿದೆ.

ಸಮಾನ ದೋಷಗಳಿರುವ ಪ್ರತಿಗಳು ಸಮಾನ ಮೂಲದಿಂದ ಇಳಿದುಬಂದವು ಎಂದು ಗ್ರಂಥಸಂಪಾದನಾಶಾಸ್ತ್ರ ಕಲಿಸುತ್ತದೆ. ಆ ಶಾಸ್ತ್ರವನ್ನು ಎಂ.ಎ.ಯಲ್ಲಿ ಓದಿದ್ದು ವ್ಯರ್ಥವಾಯಿತೆಂದು ಬಹುಕಾಲ ಕೊರಗುತ್ತಿದ್ದ ನನಗೆ ಈಗ ಅದು ಅನ್ನ ಕೊಡುತ್ತಿದೆ. ನಮ್ಮ ಪ್ರತಿಗಳ ಮುಖ್ಯ ದೋಷವೆಂದರೆ 'ಶೋಷಣೆ'ಯನ್ನು 'ಶೋಶಣೆ' ಎಂದು ಬರೆದಿರುವುದು. ಅರವತ್ತೆರಡರಲ್ಲಿ ಐವತ್ತು ದಾಟಿದಷ್ಟು ಪ್ರತಿಗಳಲ್ಲಿ ಇದೇ ಪಾಠ ದೊರೆಯುತ್ತದೆ. ಮೂಲಪ್ರತಿಯ ಕರ್ತೃ ಕೆಲವು ವರ್ಷಗಳ ಹಿಂದೆ ಉತ್ತೀರ್ಣಳಾಗಿ ಹೋದ, ನಿಜಕ್ಕೂ ಚೆನ್ನಾಗಿ ಬರೆಯುತ್ತಿದ್ದ ಒಬ್ಬ ವಿದ್ಯಾರ್ಥಿನಿ ಎಂಬುದಕ್ಕೆ ಆಂತರಿಕ ಪ್ರಮಾಣವೂ ಇದೆ: ಕೊನೆಯ ಬೆಂಚಿನಲ್ಲಿ ಕುಳಿತು ಗಡ್ಡ ನೀವಿಕೊಳ್ಳುವ ಕಬಡ್ಡಿ ತಂಡದ ನಾಯಕನು, 'ಒಬ್ಬ ಹೆಣ್ಣುಮಗಳಾಗಿ ನಾನು ಈ ಕಥೆಯನ್ನು ಓದಿದಾಗ ನನ್ನ ಅಮ್ಮನ ನೆನಪಾಗಿ, ನಾಳೆ ನಾನೂ ಹೀಗೆಯೇ ಆಗುವೆನೇ ಎಂದು ಭಯವಾಯಿತು' ಎಂದು ದುಂಡಗೆ ಬರೆದುಕೊಟ್ಟಿದ್ದ. ಸ್ತ್ರೀಸಂವೇದನೆ ಗಂಡಸರಲ್ಲಿ ಬೆಳೆಯಬೇಕೆಂಬುದು ಆ ಘಟಕದ ಘೋಷಿತ ಉದ್ದೇಶವಾಗಿದ್ದರಿಂದ ನಾನು ಪೂರ್ಣ ಅಂಕ ಕೊಟ್ಟೆ.

ಈಚೆಗೆ ಕೆಲವರು ಲಿಪಿಕಾರರ ಮಾರ್ಗವನ್ನು ತೊರೆದು ಚಾಟ್‌ಜಿಪಿಟಿಯನ್ನು ಆಶ್ರಯಿಸಿದ್ದಾರೆ. ಅದರ ಕನ್ನಡದಲ್ಲಿ ಕಾಗುಣಿತದ ತಪ್ಪಿರುವುದಿಲ್ಲ. ಹೀಗಾಗಿ ಕಳ್ಳತನ ತಕ್ಷಣ ತಿಳಿಯುತ್ತದೆ. 'ನನ್ನ ಊರಾದ (ಇಲ್ಲಿ ನಿಮ್ಮ ಊರಿನ ಹೆಸರನ್ನು ಸೇರಿಸಿ) ದಲ್ಲಿಯೂ ಜಾತಿ ತಾರತಮ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ' ಎಂದು ಒಬ್ಬಳು ಆವರಣ ಸಮೇತ ಕೈಯಲ್ಲಿ ಬರೆದು ತಂದಿದ್ದಳು. ಯಾವ ಊರಿನ ಹೆಸರನ್ನು ಸೇರಿಸಿದರೂ ಆ ವಾಕ್ಯ ಸತ್ಯವೇ ಆಗುವುದರಿಂದ ನಾನು ತಿದ್ದಲಿಲ್ಲ. ಕಾವ್ಯವನ್ನು ಕುರಿತು ಓದದೆಯೂ ಅದರಲ್ಲಿ ಪರಿಣತರಾದ ಜನರಿವರು ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಕನ್ನಡಿಗರನ್ನು ಹೊಗಳಿರುವಾಗ, ಓದಿಲ್ಲವೆಂದು ಆಕ್ಷೇಪಿಸಲು ನಾನು ಯಾರು?

ಎಲ್ಲವೂ ಹೀಗೆ ಸುಸೂತ್ರವಾಗಿರುವಾಗ ಈ ಬಾರಿ ಒಂದು ತೊಡಕು ಬಂದಿತು. ಬೂಸಾ ಪ್ರಕರಣವನ್ನು ಕುರಿತ ಲೇಖನವೊಂದನ್ನು ನಾನು ಓದಲು ಕೊಟ್ಟಿದ್ದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು. ಓದಿದ್ದರ ಬಗ್ಗೆ ತಮಗೆ ಏನನ್ನಿಸಿತೆಂಬುದನ್ನು ಅವರು ತಮ್ಮದೇ ಮಾತಿನಲ್ಲಿ, ಅದೂ ಒಂದೇ ಪದದಲ್ಲಿ, ಹೇಳಿದ್ದರು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಮುಂದೆ ದಲಿತ ಚಳವಳಿಗೂ ಬಂಡಾಯ ಸಾಹಿತ್ಯಕ್ಕೂ ದಾರಿ ತೆರೆದದ್ದು ಆ ಒಂದು ಪದವೇ ಎಂದು ನಾವು ಈಗ ಪಾಠ ಮಾಡುತ್ತೇವೆ. ಅರವತ್ತೊಂದು ವಿದ್ಯಾರ್ಥಿಗಳು ಬಸವಲಿಂಗಪ್ಪನವರ ಎದೆಗಾರಿಕೆಯನ್ನು ಕೊಂಡಾಡಿ, ಎಲ್ಲರೂ ಅವರಂತೆ ಅನ್ನಿಸಿದ್ದನ್ನು ನಿರ್ಭಯವಾಗಿ ಹೇಳಬೇಕೆಂದು ಒಂದೇ ಒಕ್ಕಣೆಯಲ್ಲಿ ಘೋಷಿಸಿದ್ದರು.

ಅರವತ್ತೆರಡನೆಯವನು ಅರ್ಧ ಪುಟ ಬರೆದಿದ್ದ: 'ಈ ಲೇಖನವನ್ನು ಎರಡು ಸಲ ಓದಿದೆ. ಮಂತ್ರಿಗಳ ಮಾತು ಒಂದೇ ಪದ, ಅರ್ಥವಾಯಿತು. ಅದನ್ನು ವಿವರಿಸುವ ಹನ್ನೆರಡು ಪುಟ ಅರ್ಥವಾಗಲಿಲ್ಲ. ನಮ್ಮ ಮನೆಯಲ್ಲಿ ಎರಡು ಎಮ್ಮೆಗಳಿವೆ, ಬೂಸಾ ತರುವುದು ನಾನೇ. ಬೂಸಾ ಎಂದು ಬೈದದ್ದು ನನಗೆ ಸರಿ ಕಾಣಲಿಲ್ಲ. ಎಮ್ಮೆ ಬೂಸಾ ತಿಂದು ಹಾಲು ಕೊಡುತ್ತದೆ. ಈ ಲೇಖನವನ್ನು ಓದಿ ನಾನು ಏನು ಕೊಡಲಿ?'

ಲೇಖಕರ ಪರಿಚಯವಿಲ್ಲ, ಆಶಯವಿಲ್ಲ, ಸಂದೇಶವಿಲ್ಲ, ಉಪಸಂಹಾರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಅಕ್ಷರ ಚೆನ್ನಾಗಿದ್ದುದಕ್ಕೆ ಒಂದು ಅಂಕ ಬಂದಿತು. ಅವನನ್ನು ಸ್ಟಾಫ್ ರೂಮಿಗೆ ಕರೆಸಿ, "ಏನಪ್ಪಾ ಇದು?" ಎಂದೆ.

"ಏನನ್ನಿಸಿತು ಅಂತ ಕೇಳಿದ್ರಲ್ಲ ಸರ್" ಎಂದ.

"ಕೇಳಿದ್ದು ನಿಜ. ಆದರೆ ಎಲ್ಲರಿಗೂ ಒಂದು ಅನ್ನಿಸಿದರೆ ನಿನಗೆ ಇನ್ನೊಂದು ಅನ್ನಿಸುತ್ತದಲ್ಲ, ಇದನ್ನು ನಾನು ಯಾವ ಕಾಲಮ್ಮಿಗೆ ಹಾಕಲಿ?"

ಅವನು ಸ್ವಲ್ಪ ಹೊತ್ತು ಯೋಚಿಸಿ, "ನಮ್ಮ ಸ್ಕೀಮಲ್ಲಿ ಆ ಮಂತ್ರಿಗಳಿಗೆ ಎಷ್ಟು ಬರ್ತಿತ್ತು ಸರ್?" ಎಂದು ಕೇಳಿದ. ಪಕ್ಕದ ಮೇಜಿನಲ್ಲಿದ್ದ ಅತಿಥಿ ಉಪನ್ಯಾಸಕಿ ಪುಸ್ತಕದಿಂದ ಮುಖ ಮುಚ್ಚಿಕೊಂಡರು. ಅಂಕಗಳನ್ನು ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಗೆ ತುಂಬಲು ಮರುದಿನವೇ ಕೊನೆಯ ದಿನವಾಗಿತ್ತು. ಒಂದು ಅಂಕ ಹಾಕಿದರೆ ಹುಡುಗನ ಫಲಿತಾಂಶ ಕೆಡುತ್ತದೆ, ಐದು ಹಾಕಿದರೆ ಕಡತಕ್ಕೆ ಉತ್ತರ ಕೊಡುವವರು ಯಾರು ಎಂದು ಯೋಚಿಸಿ, ಬೆಳಿಗ್ಗೆಯೊಳಗೆ ಬೇರೆ ಬರೆದು ತರುವಂತೆ ಹೇಳಿ ಕಳುಹಿಸಿದೆ.

ಮರುದಿನ ಒಂಬತ್ತೂವರೆಗೇ ತಂದುಕೊಟ್ಟ. ಎಂಟು ಪುಟ, ಸ್ಪೈರಲ್ ಬೈಂಡಿಂಗ್, ಮೊದಲ ಪುಟದಲ್ಲಿ ನನ್ನ ಡಾಕ್ಟರೇಟ್. ಅವನ ಹೃದಯವೂ ಕಲಕಿತ್ತು. ಐದಕ್ಕೆ ಐದು ಕೊಟ್ಟೆ. ಶೋಷಣೆಯನ್ನು ಶೋಶಣೆ ಎಂದೇ ಬರೆದಿದ್ದ.