ಮಾಲ್ಟಾ ತನ್ನದೇ ಸಂಶೋಧನಾ ನಿಧಿಯನ್ನು ಬೆಳೆಸಬೇಕೇ?

ಸಿಸಿಲಿಯ ದಕ್ಷಿಣಕ್ಕಿರುವ ಮಾಲ್ಟಾದ ವಿಸ್ತೀರ್ಣ 316 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ಸಂಶೋಧನೆಗೆ ಅದು ಖರ್ಚು ಮಾಡುವುದು ಜಿಡಿಪಿಯ ಶೇ 1ಕ್ಕಿಂತ ಕಡಿಮೆ. ಐರೋಪ್ಯ ಒಕ್ಕೂಟದ ಸರಾಸರಿ ಶೇ 2ಕ್ಕೂ ಮೇಲಿದೆ. ಅಲ್ಲಿನ ಸಂಶೋಧಕರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಶ್ಯೆಂತ್ಸಾ ಮಾಲ್ಟಾ ಸಂಸ್ಥೆ ನಡೆಸುವ ‘ಫ್ಯೂಷನ್’ನಂಥ ದೇಶೀಯ ನಿಧಿ. ಇನ್ನೊಂದು, 2021–27ರ ಅವಧಿಗೆ ಆರಂಭದಲ್ಲಿ 9,550 ಕೋಟಿ ಯೂರೊ ಗೊತ್ತುಪಡಿಸಿದ್ದ, ಐರೋಪ್ಯ ಒಕ್ಕೂಟದ ಸಂಶೋಧನಾ ಅನುದಾನ ಕಾರ್ಯಕ್ರಮ ‘ಹೊರೈಜನ್ ಯುರೋಪ್’. ಸರ್ಕಾರದ ಬಳಿ ಹೆಚ್ಚುವರಿ ಹಣವಿದ್ದರೆ ಅದನ್ನು ದೇಶೀಯ ನಿಧಿಗೆ ಹಾಕಬೇಕೇ?

ಪರ: ಮನೆಯ ಹಣವಿದ್ದರೇ ಹೊರಗಿನ ಹಣ

ಮಾಲ್ಟಾದಲ್ಲಿ ನದಿಗಳಿಲ್ಲ. ನಲ್ಲಿಯಲ್ಲಿ ಬರುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ರಿವರ್ಸ್ ಆಸ್ಮೋಸಿಸ್ ಘಟಕಗಳಲ್ಲಿ ಉಪ್ಪು ತೆಗೆದ ಸಮುದ್ರದ ನೀರು, ಉಳಿದದ್ದು ಅಂತರ್ಜಲ. ಈ ಅಂತರ್ಜಲದ ಮುಖ್ಯ ಪದರ ಸುಣ್ಣಕಲ್ಲಿನೊಳಗೆ ಉಪ್ಪುನೀರಿನ ಮೇಲೆ ತೇಲುತ್ತದೆ. ಬೋರ್‌ವೆಲ್‌ನಿಂದ ಹೆಚ್ಚು ಎತ್ತಿದಷ್ಟೂ ಕೆಳಗಿನ ಉಪ್ಪು ಮೇಲೇರುತ್ತದೆ, ಸಾಲದ್ದಕ್ಕೆ ಹೊಲಗಳ ಗೊಬ್ಬರದ ನೈಟ್ರೇಟ್ ಇಳಿದು ಸೇರುತ್ತದೆ. ಇಂಥ ನೀರಿನ ಮೇಲೆ ಕೆಲಸ ಮಾಡುವವರಿಗೆ ಹೇಳಿ ಮಾಡಿಸಿದ್ದು ಮೆಡಿಟರೇನಿಯನ್ ದೇಶಗಳ ‘ಪ್ರೈಮಾ’ ಸಂಶೋಧನಾ ಸಹಭಾಗಿತ್ವ. ಆದರೆ ಅದರ ಎರಡನೇ ವಿಭಾಗದ ನಿಯಮ ನೋಡಿ: ಗೆದ್ದ ತಂಡದ ಪ್ರತಿ ಪಾಲುದಾರನಿಗೂ ಅವನವನ ದೇಶದ ಸಂಸ್ಥೆಯೇ ಹಣ ಕೊಡಬೇಕು. ಮಾಲ್ಟಾದ ಗಂಟು ಬರಿದಾಗಿದ್ದರೆ, ಒಳ್ಳೆಯ ಅಂಕ ಬಂದ ಪ್ರಸ್ತಾವವೂ ಕೈತಪ್ಪಬಹುದು. ಇದು ಗೊತ್ತಿರುವ ಇಟಲಿಯ ಅಥವಾ ಸ್ಪೇನಿನ ಸಂಚಾಲಕ, ಗಂಟು ಚಿಕ್ಕದಿರುವ ದೇಶದವರನ್ನು ಮೊದಲಿಗೇ ಕರೆಯಲು ಹಿಂಜರಿಯುತ್ತಾನೆ. ದೇಶೀಯ ನಿಧಿ ಸೊರಗಿದಾಗ ಕಾಣದೇ ಆಗುವ ನಷ್ಟ ಇದು.

ಉಪಕರಣಗಳ ಲೆಕ್ಕ ಇನ್ನೂ ಸ್ಪಷ್ಟ. ಹೊರೈಜನ್‌ನಲ್ಲಿ ಸಾಮಾನ್ಯವಾಗಿ ಯಂತ್ರದ ಪೂರ್ತಿ ಬೆಲೆ ಸಿಗುವುದಿಲ್ಲ. ಯೋಜನೆಯ ಅವಧಿಯಲ್ಲಿ ಆಗುವ ಸವಕಳಿಯಷ್ಟೇ ಸಿಗುತ್ತದೆ. ಒಂದು ಲಕ್ಷ ಯೂರೊದ ಯಂತ್ರಕ್ಕೆ ಐದು ವರ್ಷದ ಆಯುಸ್ಸು ಎಂದಿಟ್ಟುಕೊಳ್ಳಿ. 36 ತಿಂಗಳ ಯೋಜನೆಯಲ್ಲಿ ಟೆಂಡರ್ ಮುಗಿದು ಯಂತ್ರ ಬರುವಾಗ 12 ತಿಂಗಳು ಕಳೆದಿದ್ದರೆ ಉಳಿಯುವುದು 24 ತಿಂಗಳು. ಸಿಗುವುದು 40 ಸಾವಿರ. ಮಿಕ್ಕ 60 ಸಾವಿರ ಯಾರು ಕೊಡಬೇಕು? ದೊಡ್ಡ ದೇಶದ ಪ್ರಯೋಗಾಲಯದಲ್ಲಿ ಆ ಯಂತ್ರ ಬಹುಮಟ್ಟಿಗೆ ಮೊದಲೇ ಇರುತ್ತದೆ. ಮಾಲ್ಟಾದವರು ಅದನ್ನು ತಮ್ಮ ಹಣದಿಂದಲೇ ತರಬೇಕು.

ಮೂರನೆಯದು ವಿಷಯದ ಆಯ್ಕೆ. ಹಾಜರ್ ಈಮ್ ಮತ್ತು ಮ್ನಾಯ್ದ್ರಾ ಎಂಬ ಪ್ರಾಚೀನ ಶಿಲಾದೇಗುಲಗಳ ಮೇಲೆ 2009ರಲ್ಲಿ ರಕ್ಷಣಾ ಚಾವಣಿ ಹಾಕಬೇಕಾಯಿತು. ಉಪ್ಪುಗಾಳಿಗೆ ಪುಡಿಯಾಗುವ ಗ್ಲೋಬಿಜೆರಿನಾ ಸುಣ್ಣಕಲ್ಲೇ ಆ ದ್ವೀಪದ ಮನೆ, ಚರ್ಚು, ಕೋಟೆಗಳ ಕಲ್ಲು. ಪ್ರಸ್ತಾವ ಆಹ್ವಾನಿಸುವ ಹೊರೈಜನ್‌ನ ಕರೆಗಳು ಹಲವು ದೇಶಗಳಿಗೆ ಸಮಾನವಾದ ಸಮಸ್ಯೆಯನ್ನು ಕೇಳುತ್ತವೆ. ಒಂದೇ ದ್ವೀಪದ ಕಲ್ಲಿನ ಚಿಂತೆ ಆ ದ್ವೀಪದ್ದೇ.

ವಿರೋಧ: ಸಣ್ಣ ಬಾವಿ ಅಗಲಿಸುವ ಬದಲು ದೊಡ್ಡ ಕಾಲುವೆಗೆ ತೂಬು

ಕಂಪನಿಗಳಿಂದ ಶುರು ಮಾಡೋಣ, ಏಕೆಂದರೆ ದೇಶೀಯ ನಿಧಿ ಎಡವುವುದು ಅಲ್ಲಿಯೇ. ಸರ್ಕಾರ ಕಂಪನಿಗೆ ಕೊಡುವ ಹಣಕ್ಕೆ ಒಕ್ಕೂಟದ ‘ರಾಜ್ಯನೆರವು’ (ಸರ್ಕಾರಿ ನೆರವಿನ ಮಿತಿ) ನಿಯಮ ಅನ್ವಯಿಸುತ್ತದೆ. ಮಾದರಿ ತಯಾರಿ, ಪರೀಕ್ಷೆಯಂಥ ಪ್ರಾಯೋಗಿಕ ಅಭಿವೃದ್ಧಿಗೆ ಸರ್ಕಾರ ಕೊಡಬಹುದಾದ ಮೂಲ ದರ ವೆಚ್ಚದ ಶೇ 25. ಸಣ್ಣ ಕಂಪನಿಗೆ 20, ಸಹಯೋಗಕ್ಕೆ ಅಥವಾ ಫಲಿತಾಂಶವನ್ನು ಎಲ್ಲರಿಗೂ ತೆರೆದಿಡುವುದಕ್ಕೆ 15 ಸೇರಿದರೆ ಶೇ 60. ಎರಡು ಲಕ್ಷ ಯೂರೊದ ಕೆಲಸಕ್ಕೆ 80 ಸಾವಿರ ಕೈಯಿಂದ ಹಾಕಬೇಕು. ಸಣ್ಣ ಮೊತ್ತಗಳಿಗೆ ಇರುವ ಅಲ್ಪ ನೆರವಿನ (ಡಿ ಮಿನಿಮಿಸ್) ನಿಯಮದಡಿ ಹೋದರೆ ದರದ ಮಿತಿ ತಪ್ಪುತ್ತದೆ, ಆದರೆ ಮೂರು ವರ್ಷಕ್ಕೆ ಒಟ್ಟು ಮೂರು ಲಕ್ಷ ಯೂರೊದ ಮಿತಿ ಬರುತ್ತದೆ. ಬೇರೆ ಇಲಾಖೆಯಿಂದ ಇದೇ ನಿಯಮದಡಿ ಪಡೆದ ನೆರವೂ, ಅದೇ ಒಡೆತನದ ಸೋದರ ಕಂಪನಿ ಪಡೆದದ್ದೂ ಇದೇ ಲೆಕ್ಕಕ್ಕೆ ಸೇರುತ್ತವೆ. ಇದನ್ನು ಅರ್ಜಿ ಹಾಕುವ ಮೊದಲು ಕೂಡಿ ನೋಡದವರು ಒಪ್ಪಂದದ ಹೊತ್ತಿಗೆ ಸಿಕ್ಕಿಬೀಳುತ್ತಾರೆ.

ಹೊರೈಜನ್‌ನ ಸಂಶೋಧನಾ ಯೋಜನೆಯಲ್ಲಿ ಅದೇ ಸಣ್ಣ ಕಂಪನಿಗೆ ಶೇ 100 ಸಿಗುತ್ತದೆ. ಹೊರಗುತ್ತಿಗೆ ಬಿಟ್ಟು ಉಳಿದ ನೇರ ಖರ್ಚಿನ ಮೇಲೆ ಶೇ 25ರಷ್ಟು ಮೇಲುಖರ್ಚನ್ನೂ ಬಿಲ್ ಕೇಳದೆ ಕೊಡುತ್ತಾರೆ. ಇಷ್ಟು ಸಿಗುವ ಕಡೆ ಕೈಚಾಚದೆ ಶೇ 60ರ ನಿಧಿಯನ್ನು ಬೆಳೆಸುವುದು ತೆರಿಗೆ ಕಟ್ಟುವವರಿಗೆ ಮಾಡುವ ಅನ್ಯಾಯ.

ಆ ಹಣ ಸುಲಭವಾಗಿ ಸಿಗುವುದಿಲ್ಲ ಎಂಬುದು ನಿಜ. ಶ್ರೇಷ್ಠತೆ, ಪರಿಣಾಮ, ಅನುಷ್ಠಾನ – ಒಂದೊಂದಕ್ಕೂ 5 ಅಂಕ. ಪ್ರತಿಯೊಂದರಲ್ಲಿ 3, ಒಟ್ಟು 10 ಬಂದರೆ ಪಾಸು. ಆದರೆ ಪಾಸಾದವರಿಗೆಲ್ಲ ಹಣ ಸಾಲುವುದಿಲ್ಲ, 13 ಬಂದವರೂ ಬರಿಗೈಯಲ್ಲಿ ಮರಳುತ್ತಾರೆ. ಸೋಲುವುದು ಹೆಚ್ಚಾಗಿ ‘ಪರಿಣಾಮ’ದ ಭಾಗದಲ್ಲಿ: ಫಲಿತಾಂಶವನ್ನು ಯಾರು, ಯಾವಾಗ, ಎಷ್ಟು ಬಳಸುತ್ತಾರೆ ಎಂದು ಬರೆಯಬೇಕಾದ ಕಡೆ ವಿಜ್ಞಾನವನ್ನೇ ಇನ್ನೊಮ್ಮೆ ಬರೆದಿರುತ್ತಾರೆ. ಗೆದ್ದ ಮೇಲೂ ಸಿಬ್ಬಂದಿ ವೆಚ್ಚವನ್ನು ವರ್ಷಕ್ಕೆ 215 ದಿನದಂತೆ ಭಾಗಿಸಿ ದಿನದ ದರ ತೆಗೆಯಬೇಕು, ಯಾರು ಎಷ್ಟು ದಿನ ದುಡಿದರೆಂಬ ದಾಖಲೆ ಇಡಬೇಕು. ಇದಕ್ಕೆ ಬೇಕಾದವರು ಪ್ರಸ್ತಾವ ಬರೆಯಬಲ್ಲವರು ಮತ್ತು ಲೆಕ್ಕ ಬಲ್ಲವರು. ಪ್ರೊಫೆಸರರೇ ರಾತ್ರಿ ಕೂತು ಬಜೆಟ್ ಕೋಷ್ಟಕ ತುಂಬುವ ಕಡೆ, ಹೆಚ್ಚುವರಿ ಹಣ ಮೊದಲು ಈ ಹುದ್ದೆಗಳಿಗೆ ಹೋಗಬೇಕು.

ದೇಶೀಯ ನಿಧಿಗೆ ಇನ್ನೊಂದು ತೊಡಕಿದೆ. ಒಂದು ಮುಖ್ಯ ವಿಶ್ವವಿದ್ಯಾಲಯವಿರುವ ದೇಶದಲ್ಲಿ ಮೌಲ್ಯಮಾಪಕ, ಅರ್ಜಿದಾರ, ಅರ್ಜಿದಾರನ ಹಳೆಯ ಗೈಡ್ ಎಲ್ಲರೂ ಪರಿಚಿತರೇ. ಹೊರದೇಶದ ಮೌಲ್ಯಮಾಪಕರನ್ನು ಕರೆಸಿದರೆ ಪಕ್ಷಪಾತ ತಪ್ಪುತ್ತದೆ, ಆದರೆ ಚಿಕ್ಕ ಅನುದಾನಕ್ಕೂ ಆಡಳಿತದ ಖರ್ಚು ದೊಡ್ಡದಾಗುತ್ತದೆ.

ಪ್ರೈಮಾಕ್ಕೆ ಕೊಡುವ ದೇಶದ ಪಾಲನ್ನು ನಿಲ್ಲಿಸಬೇಕೆಂದು ಯಾರೂ ಹೇಳುತ್ತಿಲ್ಲ. ಅದನ್ನು ಮುಂಚಿತವಾಗಿ ಘೋಷಿಸಿ ಉಳಿಸಿಕೊಳ್ಳಬೇಕು. ಆದರೆ ಅದರಾಚೆಗಿನ ಪ್ರತಿ ಯೂರೊಗೂ ಮೊದಲ ಹಕ್ಕು ‘ಹಾಪ್ ಆನ್’ನಂಥ ಅವಕಾಶಗಳದ್ದು. ಇದರಡಿ ಸಂಶೋಧನೆಯಲ್ಲಿ ಹಿಂದುಳಿದ ಸದಸ್ಯ ದೇಶಗಳ ಸಂಸ್ಥೆ, ಈಗಾಗಲೇ ನಡೆಯುತ್ತಿರುವ ಹೊರೈಜನ್ ಯೋಜನೆಗೆ ಹೆಚ್ಚುವರಿ ಹಣದೊಂದಿಗೆ ಸೇರಬಹುದು. ಮಾಲ್ಟಾ ಆ ಪಟ್ಟಿಯಲ್ಲಿದೆ. ಆ ಯೋಜನೆಯಲ್ಲಿ ಇಂಥ ಬೇರೆ ದೇಶದವರು ಮೊದಲೇ ಇರಬಾರದು, ಇರುವ ಪಾಲುದಾರರೆಲ್ಲ ಒಪ್ಪಬೇಕು, ಹೊಸಬರಿಗೆ ಪ್ರತ್ಯೇಕ ಕೆಲಸವಿರಬೇಕು. ನಡೆಯುತ್ತಿರುವ ಯೋಜನೆಗಳನ್ನು ಜಾಲಾಡಿ, ಸಂಚಾಲಕರಿಗೆ ಪತ್ರ ಬರೆದು, ಅವರ ಕಡೆ ಕೊರತೆಯಿರುವ ಪರಿಣತಿಯನ್ನು ತೋರಿಸಿ ಒಪ್ಪಿಸುವ ಇಬ್ಬರು ಪೂರ್ಣಾವಧಿ ನೌಕರರ ಸಂಬಳ, ಒಂದು ಹೊಸ ದೇಶೀಯ ಯೋಜನೆಗಿಂತ ಮೊದಲು ಬಜೆಟ್ಟಿನಲ್ಲಿ ಬರಬೇಕು.