"ಯಾರೂ ನನಗೆ ಹೇಳಲೇ ಇಲ್ಲವಲ್ಲ!"

ಇಂದು ಬೆಳಿಗ್ಗೆ ಒಂದೂವರೆ ಗಂಟೆಯ ರಿವ್ಯೂ ಮೀಟಿಂಗ್ ಮುಗಿಸಿ ಎದ್ದು ಬಂದವನು ಮಧ್ಯಾಹ್ನದವರೆಗೂ ಯಾರೊಂದಿಗೂ ಮಾತನಾಡಲಿಲ್ಲ. ಮಾತನಾಡಿದ್ದರೆ ಏನೇನು ಅಂದುಬಿಡುತ್ತಿದ್ದೆನೋ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಸಾಫ್ಟ್‌ವೇರ್ ಯೋಜನೆ ಎರಡು ತಿಂಗಳು ತಡವಾಗಿದೆ ಎಂಬುದು ಕೊನೆಗೂ ಎಲ್ಲರೆದುರು ಬಯಲಾದಾಗ, ಮೇಜಿನ ತುದಿಯಲ್ಲಿ ಕುಳಿತಿದ್ದ ನಮ್ಮ ಮುಖ್ಯಸ್ಥರು ಎರಡೂ ಕೈಗಳನ್ನು ಚಾಚಿ, ನಿಜವಾಗಿಯೂ ನೊಂದವರ ದನಿಯಲ್ಲಿ, "ಇಷ್ಟು ದಿನ ಯಾರೂ ನನಗೆ ಹೇಳಲೇ ಇಲ್ಲವಲ್ಲ!" ಎಂದರು. ಹನ್ನೊಂದು ಜನರಿದ್ದ ಆ ಕೋಣೆಯಲ್ಲಿ ಏಸಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಹೇಳಿದ್ದರು. ಏಳು ವಾರಗಳ ಹಿಂದೆ, ಇದೇ ಕೋಣೆಯಲ್ಲಿ, ತಂಡಕ್ಕೆ ಸೇರಿ ಇನ್ನೂ ವರ್ಷ ತುಂಬದ ಸಹೋದ್ಯೋಗಿಯೊಬ್ಬರು, "ಸರ್, ಹಳೆಯ ದಾಖಲೆಗಳಲ್ಲಿ ಒಬ್ಬರೇ ಗ್ರಾಹಕರ ಹೆಸರು ಮೂರು ನಾಲ್ಕು ರೀತಿಯಲ್ಲಿದೆ. ಅದನ್ನು ಸರಿಪಡಿಸದೆ ಹೊಸ ವ್ಯವಸ್ಥೆಗೆ ಹಾಕಲು ಆಗುವುದಿಲ್ಲ. ನಾವು ಇಟ್ಟುಕೊಂಡಿರುವ ಮೂರು ವಾರ ಸಾಲುವುದಿಲ್ಲ" ಎಂದು ಒಂದಿಷ್ಟೂ ತಡವರಿಸದೆ ಹೇಳಿದ್ದರು. ಅವರಿಗೆ ಸಿಕ್ಕ ಉತ್ತರ, "ನನ್ನ ಬಳಿ ಸಮಸ್ಯೆ ತರಬೇಡಿ, ಪರಿಹಾರ ತನ್ನಿ." ಒಂದಿಬ್ಬರು ನಕ್ಕರು. ಆ ದಿನದ ಸಭೆಯ ಟಿಪ್ಪಣಿ, ಅಂದರೆ ಮಿನಿಟ್ಸ್, ಈಗಲೂ ನನ್ನ ಇನ್‌ಬಾಕ್ಸಿನಲ್ಲಿದೆ. ಅದರ ನಾಲ್ಕನೆಯ ಅಂಶದೆದುರು "ಹಳೆಯ ದಾಖಲೆಗಳ ವರ್ಗಾವಣೆ: ಚರ್ಚಿಸಲಾಯಿತು" ಎಂದಷ್ಟೇ ಬರೆದಿದೆ. ಇಂದು ಮುಖ್ಯಸ್ಥರು ನೊಂದುಕೊಳ್ಳುತ್ತಿದ್ದಾಗ ಆಕೆ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ, ಹಾಕುತ್ತ, ಮತ್ತೆ ತೆಗೆಯುತ್ತ ಕುಳಿತಿದ್ದರು. ತಲೆ ಎತ್ತಲಿಲ್ಲ. ಇನ್ನು ಮುಂದೆಯೂ ಎತ್ತುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಬರಹಕ್ಕೆ ಕೈಹಾಕುತ್ತಿರಲಿಲ್ಲ. ಕಾಯಿಲೆಯನ್ನೇ ತಿಳಿಯದೆ ಎರಡು ಮದ್ದುಗಳನ್ನು ಅಲ್ಲಿಯೇ ಘೋಷಿಸಲಾಯಿತು. ಮೊದಲನೆಯದು, ತಂಡಕ್ಕೆ ಇನ್ನೂ ನಾಲ್ವರನ್ನು ಸೇರಿಸುವುದು. ಎರಡನೆಯದು, ನಮ್ಮಲ್ಲಿ "ಟೀಮ್ ಸ್ಪಿರಿಟ್" ಕುಂದಿರುವುದರಿಂದ ಮುಂದಿನ ತಿಂಗಳು ಎಲ್ಲರನ್ನೂ ಒಂದು ದಿನ ಹೊರಗೆ ಕರೆದೊಯ್ದು, ತರಬೇತುದಾರರೊಬ್ಬರ ಕೈಯಲ್ಲಿ ಆಟ ಆಡಿಸುವುದು. ಆಟಗಳ ಪಟ್ಟಿಯಲ್ಲಿ ಹಗ್ಗಜಗ್ಗಾಟವೂ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

ಹಗ್ಗಜಗ್ಗಾಟ ಎಂದಾಗ ನನಗೆ ನಗು ತಡೆಯಲಾಗಲಿಲ್ಲ, ಅದಕ್ಕೆ ಕಾರಣವಿದೆ. ಗುಂಪಿನಲ್ಲಿ ದುಡಿಯುವಾಗ ಮನುಷ್ಯ ತನ್ನ ಪೂರ್ಣ ಬಲ ಹಾಕುವುದಿಲ್ಲ ಎಂಬುದನ್ನು ಮೊದಲು ಅಳೆದು ತೋರಿಸಿದ್ದೇ ಹಗ್ಗದಿಂದ. ಮ್ಯಾಕ್ಸ್ ರಿಂಗೆಲ್ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ 1880ರ ದಶಕದಲ್ಲಿ ಜನರಿಂದ ಹಗ್ಗ ಎಳೆಸಿ, ಬಲವನ್ನು ಅಳೆದು, 1913ರಲ್ಲಿ ಪ್ರಕಟಿಸಿದರು. ಎಳೆಯುವವರು ಹೆಚ್ಚಿದಂತೆಲ್ಲ ಒಟ್ಟು ಬಲ ಹೆಚ್ಚುತ್ತಿತ್ತಾದರೂ ತಲಾ ಬಲ ಕುಗ್ಗುತ್ತ ಹೋಗುತ್ತಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದು ಇದಕ್ಕೆ ಒಂದು ಕಾರಣ. ಆದರೆ 1974ರಲ್ಲಿ ಇದೇ ಪ್ರಯೋಗವನ್ನು ಒಂದು ಉಪಾಯದೊಂದಿಗೆ ಮತ್ತೆ ಮಾಡಿದರು. ಒಬ್ಬನ ಕಣ್ಣು ಕಟ್ಟಿ ಹಗ್ಗದ ಮುಂದಿನ ತುದಿಯಲ್ಲಿ ನಿಲ್ಲಿಸಿ, ಹಿಂದೆ ಇನ್ನೂ ಕೆಲವರು ಎಳೆಯುತ್ತಿದ್ದಾರೆಂದು ನಂಬಿಸಿದರು. ನಿಜವಾಗಿ ಎಳೆಯುತ್ತಿದ್ದವನು ಅವನೊಬ್ಬನೇ, ಆದರೂ ಅವನ ಬಲ ಇಳಿಯಿತು. ಎಂದರೆ ನಮ್ಮ ಹೊರಾಂಗಣ ಕಾರ್ಯಕ್ರಮ ಯಾವ ಆಟದಿಂದ ಒಗ್ಗಟ್ಟು ತರಲು ಹೊರಟಿದೆಯೋ, ಅದೇ ಆಟ ಗುಂಪಿನ ದೌರ್ಬಲ್ಯಕ್ಕೆ ನೂರು ವರ್ಷದಿಂದ ಸಾಕ್ಷಿ ಹೇಳುತ್ತಿದೆ. ತರಬೇತುದಾರರಿಗೆ ಇದನ್ನು ಯಾರು ಹೇಳಬೇಕು? ಪರಿಹಾರವಿಲ್ಲದೆ ಸಮಸ್ಯೆ ತರಬಾರದೆಂಬ ನಿಯಮವಿದೆಯಲ್ಲ!

ನಾಲ್ವರನ್ನು ಸೇರಿಸುವ ಮದ್ದಿನ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು, ಐಬಿಎಮ್‌ನಲ್ಲಿ ಬೃಹತ್ ಯೋಜನೆಯೊಂದನ್ನು ನಡೆಸಿ ಏಟು ತಿಂದಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿಯೇ ಬರೆದಿಟ್ಟಿದ್ದಾರೆ. ಲೆಕ್ಕ ಸರಳವಾಗಿದೆ. ಕೆಲಸ ಮಾಡುವವರು ಆರು ಜನರಿದ್ದಾಗ ಪರಸ್ಪರ ಮಾತಾಡಬೇಕಾದ ಜೋಡಿಗಳು 15, ಹತ್ತು ಜನರಾದಾಗ 45. ಬರುವ ನಾಲ್ವರಿಗೆ ಕೆಲಸ ಹೇಳಿಕೊಡಬೇಕಾದವರು ಈಗಾಗಲೇ ಹಿಂದೆ ಬಿದ್ದಿರುವ ಆರು ಜನರೇ. ನಮ್ಮ ಆ ಸಹೋದ್ಯೋಗಿ ಏಳು ವಾರಗಳ ಹಿಂದೆ ಕೇಳಿದ್ದು ಜನರನ್ನಲ್ಲ, ದಿನಗಳನ್ನು.

ನಾನು ಮತ್ತೆ ಮತ್ತೆ ಅದೇ ಮೀಟಿಂಗಿಗೆ ಮರಳುತ್ತಿದ್ದೇನೆ ಎಂದು ನಿಮಗನ್ನಿಸಬಹುದು. ಮರಳುತ್ತೇನೆ, ಏಕೆಂದರೆ ತಂಡ ಕೆಟ್ಟದ್ದು ಇಂದಲ್ಲ, ಅಂದು. ಕೆಟ್ಟ ಸುದ್ದಿ ತಂದವರಿಗೆ ಮೊದಲ ಅರ್ಧ ನಿಮಿಷದಲ್ಲಿ ಏನು ಸಿಗುತ್ತದೆ ಎಂಬುದನ್ನು ಕೋಣೆಯಲ್ಲಿರುವ ಉಳಿದ ಹತ್ತು ಜನ ಕಣ್ಣಿಟ್ಟು ನೋಡುತ್ತಿರುತ್ತಾರೆ, ಮತ್ತು ಆ ಅರ್ಧ ನಿಮಿಷದಲ್ಲಿ ಕಲಿತ ಪಾಠವನ್ನು ಯಾವ ತರಬೇತಿಯೂ ಅಳಿಸಲಾರದು. ನಮ್ಮ ಹಿರಿಯರು ಇದನ್ನು ಒಂದೇ ಸಾಲಿನಲ್ಲಿ ಹೇಳಿಬಿಟ್ಟಿದ್ದಾರೆ: ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರು ಯಾರು?

ಎಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡುವಾಗ, ಒಳ್ಳೆಯ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಿಮೆಯಿರುತ್ತವೆ ಎಂದುಕೊಂಡಿದ್ದರು. ಅಂಕಿಗಳು ತಲೆಕೆಳಗಾಗಿ ಬಂದವು, ಒಳ್ಳೆಯ ತಂಡಗಳಲ್ಲೇ ತಪ್ಪುಗಳು ಹೆಚ್ಚು ದಾಖಲಾಗಿದ್ದವು! ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದವು ಎಂಬುದು ಅವರಿಗೆ ಆಮೇಲೆ ಹೊಳೆಯಿತು. 1999ರ ಅವರ ಪ್ರಬಂಧದ ನಂತರ ಇದಕ್ಕೆ ಮಾನಸಿಕ ಸುರಕ್ಷತೆ ಎಂಬ ಹೆಸರು ಹಬ್ಬಿತು. ಹೆಸರು ಮಾತ್ರ ಚೆನ್ನಾಗಿ ಹಬ್ಬಿತು. ನಮ್ಮ ಕಚೇರಿಯ ಲಿಫ್ಟಿನ ಪಕ್ಕದಲ್ಲಿಯೂ ಅದರ ಪೋಸ್ಟರ್ ಇದೆ, ಅದರಲ್ಲಿ ನಾಲ್ವರು ಹಲ್ಲು ಕಿರಿದು ನಿಂತಿದ್ದಾರೆ. ಲೆಕ್ಕಾಚಾರದಲ್ಲಿ ಗಟ್ಟಿಗರಾದ ಗೂಗಲ್‌ನವರು ತಮ್ಮದೇ ನೂರೆಂಬತ್ತರಷ್ಟು ತಂಡಗಳನ್ನು ಜಾಲಾಡಿದಾಗಲೂ, ತಂಡದಲ್ಲಿ ಯಾರಿದ್ದಾರೆ ಎಂಬುದಕ್ಕಿಂತ ಅವರು ಪರಸ್ಪರ ಹೇಗೆ ನಡೆದುಕೊಳ್ಳುತ್ತಾರೆ ಎಂಬುದೇ ಮುಖ್ಯವೆಂದು ಕಂಡಿತು. ಇಷ್ಟಾದರೂ ನಾವು ಮಾತ್ರ ಹಗ್ಗ ಹುಡುಕುತ್ತಿದ್ದೇವೆ.

ಮೇಲಿನವರಿಗೆ ಕೆಟ್ಟ ಸುದ್ದಿ ಹೇಗೆ ತಲುಪುತ್ತದೆ ಎಂಬುದಕ್ಕೆ ನನಗೆ ಪ್ರಿಯವಾದ ಘಟನೆಯೊಂದಿದೆ. 2006ರಲ್ಲಿ ಅಲನ್ ಮುಲಾಲಿ ಫೋರ್ಡ್ ಕಂಪನಿಯ ಚುಕ್ಕಾಣಿ ಹಿಡಿದಾಗ, ಪ್ರತಿ ವಾರದ ಸಭೆಗೆ ಹಿರಿಯ ಅಧಿಕಾರಿಗಳೆಲ್ಲ ತಮ್ಮ ಕೆಲಸವನ್ನು, ಸರಿಯಿದ್ದರೆ ಹಸಿರು, ಅಳುಕಿದ್ದರೆ ಹಳದಿ, ತೊಂದರೆಯಿದ್ದರೆ ಕೆಂಪು ಎಂದು ಬಣ್ಣಗಳಲ್ಲಿ ಗುರುತಿಸಿ ತರಬೇಕೆಂದರು. ಕಂಪನಿ ಸಾವಿರ ಕೋಟಿ ಡಾಲರ್‌ಗೂ ಮೀರಿದ ನಷ್ಟದತ್ತ ಜಾರುತ್ತಿತ್ತು, ಸಭೆಯಲ್ಲಿ ಮಾತ್ರ ಎಲ್ಲರ ಹಾಳೆಗಳೂ ಹಚ್ಚಹಸಿರು! ಕೊನೆಗೊಂದು ದಿನ ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ ಹೊಸ ವಾಹನವೊಂದರ ಬಿಡುಗಡೆಗೆ ಕೆಂಪು ಬಣ್ಣ ಹಚ್ಚಿ ತಂದರು. ಈತನ ಕೆಲಸ ಹೋಯಿತು ಎಂದು ಉಳಿದವರು ಉಸಿರು ಬಿಗಿಹಿಡಿದಿರುವಾಗ ಮುಲಾಲಿ ಚಪ್ಪಾಳೆ ತಟ್ಟಿದರು, ಅನಂತರ ಇದಕ್ಕೆ ಯಾರು ಸಹಾಯ ಮಾಡಬಲ್ಲಿರಿ ಎಂದು ಕೇಳಿದರು. ಮುಂದಿನ ವಾರಗಳಲ್ಲಿ ಉಳಿದವರ ಹಾಳೆಗಳಿಗೂ ಬಣ್ಣ ಬಂದಿತು. "ಪರಿಹಾರ ತನ್ನಿ" ಎಂದು ಗದರಿದ್ದರೆ ಫೀಲ್ಡ್ಸ್ ಮುಂದಿನ ವಾರ ಹಸಿರು ಪೆನ್ನು ತರುತ್ತಿದ್ದರು, ಅಷ್ಟೆ. ಪರಿಹಾರ ಒಬ್ಬರ ಕೈಯಲ್ಲಿಲ್ಲ ಎಂಬ ಕಾರಣಕ್ಕೇ ಅಲ್ಲವೇ ತಂಡ ಎಂಬುದೊಂದು ಇರುವುದು?

ಇನ್ನೊಂದು ಘಟನೆಯನ್ನು ನೆನೆದರೆ ಮೈ ಜುಂ ಎನ್ನುತ್ತದೆ. 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದ ವಿಮಾನ ನಿಲ್ದಾಣದಲ್ಲಿ, ದಟ್ಟ ಮಂಜಿನ ನಡುವೆ, ಡಚ್ ವಿಮಾನವೊಂದು ಅನುಮತಿ ಸಿಗುವ ಮೊದಲೇ ರನ್‌ವೇಯಲ್ಲಿ ಓಡತೊಡಗಿತು. ಎದುರಿನ ವಿಮಾನ ರನ್‌ವೇಯಿಂದ ಇನ್ನೂ ಸರಿದಿಲ್ಲವೇನೋ ಎಂದು ಫ್ಲೈಟ್ ಎಂಜಿನಿಯರ್ ಸಂಶಯದಿಂದ ಕೇಳಿದರು. ಕ್ಯಾಪ್ಟನ್ ಆ ಸಂಸ್ಥೆಯ ಹಿರಿಯ ತರಬೇತುದಾರರು, ಜಾಹೀರಾತುಗಳಲ್ಲಿ ಮುಖ ಕಾಣಿಸಿಕೊಂಡಿದ್ದವರು. ಸರಿದಿದೆ ಎಂದು ಅವರು ಖಂಡತುಂಡವಾಗಿ ಹೇಳಿದರು. ಆ ಉತ್ತರದ ನಂತರ ಎಂಜಿನಿಯರ್ ಮತ್ತೆ ಕೇಳಲಿಲ್ಲ. ಎರಡೂ ವಿಮಾನಗಳು ಡಿಕ್ಕಿ ಹೊಡೆದವು, ಸತ್ತವರು 583 ಜನ. ವಿಮಾನಯಾನ ಕ್ಷೇತ್ರ ಆಮೇಲೆ ಕಿರಿಯರಿಗೆ ಎದುರು ಮಾತನಾಡುವುದನ್ನೂ, ಅದಕ್ಕಿಂತ ಕಷ್ಟದ್ದಾಗಿ ಹಿರಿಯರಿಗೆ ಅದನ್ನು ಕೇಳಿಸಿಕೊಳ್ಳುವುದನ್ನೂ, ಕಡ್ಡಾಯ ತರಬೇತಿಯಾಗಿ ಕಲಿಸತೊಡಗಿತು. ನಮ್ಮ ಕೆಲಸದಲ್ಲಿ ಯಾರೂ ಸಾಯುವುದಿಲ್ಲ, ನಿಜ. ಅದಕ್ಕೇ ನಾವು ಕಲಿಯುವುದೂ ಇಲ್ಲ.

ಇಷ್ಟು ಬರೆದ ಮೇಲೆ ನನ್ನ ಹಳೆಯ ಮಿತ್ರರೊಬ್ಬರು ಕಾಮೆಂಟಿನಲ್ಲಿ ಏನು ಬರೆಯುತ್ತಾರೆಂದು ನನಗೆ ಈಗಲೇ ಗೊತ್ತು. "ಸ್ವಾಮಿ, ಎಲ್ಲರನ್ನೂ ಮುದ್ದು ಮಾಡುತ್ತ ಕುಳಿತರೆ ಕೆಲಸ ಯಾರು ಮಾಡುತ್ತಾರೆ? ಮೈಗಳ್ಳರು ಇಲ್ಲವೇ? ಸ್ವಲ್ಪ ಭಯ ಇರಬೇಕು." ಮೈಗಳ್ಳರಿದ್ದಾರೆ, ಒಪ್ಪಿದೆ. ನಾನೇ ಕೆಲವು ಸಂಜೆಗಳಲ್ಲಿ ಆ ಸಂಘದ ಸದಸ್ಯ. ಆದರೆ ಯಾರ ಪಾಲಿನ ದುಡಿಮೆ ಎಷ್ಟೆಂದು ಪ್ರತ್ಯೇಕವಾಗಿ ಕಾಣುವಂತಾದರೆ ಗುಂಪಿನಲ್ಲಿ ಮೈಗಳ್ಳತನ ತಗ್ಗುತ್ತದೆ ಎಂಬುದೂ ಪ್ರಯೋಗಗಳಲ್ಲಿ ಕಂಡುಬಂದಿದೆ. ಅದಕ್ಕೆ ಬೇಕಾದದ್ದು ಯಾವ ಕೆಲಸ ಯಾರದು, ಯಾವ ತೀರ್ಮಾನ ಯಾರದು ಎಂಬ ಸ್ಪಷ್ಟತೆ. ನಮ್ಮ ಯೋಜನೆಯಲ್ಲಿ ದಾಖಲೆಗಳನ್ನು ಸರಿಪಡಿಸುವ ಹೊಣೆ ಯಾರದೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿರುವಾಗ ಬಾರುಕೋಲು ಬೀಸಿದರೆ ಎರಡೂ ಜೋರಾಗಿ ತಂತಮ್ಮ ದಿಕ್ಕಿಗೇ ಎಳೆಯುತ್ತವೆ. ಭಯದಿಂದ ಜನ ಸಮಯಕ್ಕೆ ಸರಿಯಾಗಿ ಬರುತ್ತಾರೆ, ತಡವಾಗಿ ಹೋಗುತ್ತಾರೆ, ಸ್ಟೇಟಸ್ ವರದಿಯಲ್ಲಿ ಹಸಿರು ತುಂಬುತ್ತಾರೆ. ಸತ್ಯವನ್ನು ಮಾತ್ರ ಹೇಳುವುದಿಲ್ಲ.

ಈಗ ನನ್ನ ಸರದಿ. ನಾನು ಒಂಬತ್ತು ವರ್ಷ ಟೀಮ್ ಲೀಡ್ ಆಗಿದ್ದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು, ಅದನ್ನು ಏಕೆ ಬಿಟ್ಟೆ ಎಂಬುದು ಕೆಲವರಿಗೆ ಗೊತ್ತು. ಪೂರ್ತಿ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಒಂದು ಸಂಜೆ ಬ್ಯಾಗ್ ಹೆಗಲಿಗೇರಿಸಿ ಹೊರಟಿದ್ದ ನನ್ನ ಬಳಿಗೆ ತಂಡದ ಹುಡುಗನೊಬ್ಬ ಬಂದು, "ಸರ್, ಎರಡು ನಿಮಿಷ" ಎಂದ. ನಾನು ಗಡಿಯಾರ ನೋಡಿದೆ. ಏನನ್ನೂ ಹೇಳಲಿಲ್ಲ, ಗಡಿಯಾರ ನೋಡಿದೆ ಅಷ್ಟೆ. "ಪರವಾಗಿಲ್ಲ ಸರ್, ನಾಳೆ ಹೇಳುತ್ತೇನೆ" ಎಂದು ಹೊರಟುಹೋದ. ಆ ನಾಳೆ ಬಂದದ್ದು ಮೂರು ತಿಂಗಳ ನಂತರ, ಅವನ ರಾಜೀನಾಮೆಯ ರೂಪದಲ್ಲಿ, ಜೊತೆಗೆ ಅವನೊಬ್ಬನಿಗೇ ತಿಳಿದಿದ್ದ ಒಂದು ದೊಡ್ಡ ದೋಷದ ವಿವರದೊಂದಿಗೆ. ಅದನ್ನು ಓದಿ ನಾನು ಏನೆಂದೆ ಗೊತ್ತೇ? "ಯಾರೂ ನನಗೆ ಹೇಳಲೇ ಇಲ್ಲವಲ್ಲ!" ಎಂದೆ. ಅದೇ ದನಿಯಲ್ಲಿ.

ಹಾಗಾಗಿ ಇಂದಿನ ಮುಖ್ಯಸ್ಥರನ್ನು ನಾನು ಖಳನಾಯಕರೆನ್ನಲಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜಕ್ಕೂ ನೆನಪಿಲ್ಲ. ನೆನಪಿಲ್ಲದಿರುವುದೇ ಕಾಯಿಲೆ. ಇದಕ್ಕೆ ದೊಡ್ಡ ಚಿಕಿತ್ಸೆಯೇನೂ ಬೇಕಿಲ್ಲ. ಮುಖ್ಯಸ್ಥರಾದವರು ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಲಿ, ಏಕೆಂದರೆ ಅವರು ಮೊದಲು ಬಾಯಿ ತೆರೆದರೆ ಉಳಿದವರು ತಲೆಯಾಡಿಸುವುದಕ್ಕೆ ಮಾತ್ರ ಉಳಿಯುತ್ತಾರೆ. ಕೆಲಸ ಶುರುವಾಗುವ ಮೊದಲೇ "ಈ ಯೋಜನೆ ಆರು ತಿಂಗಳ ನಂತರ ಮಣ್ಣುಪಾಲಾಗಿದೆ ಎಂದುಕೊಳ್ಳಿ, ಏಕೆ ಆಯಿತೆಂದು ಪ್ರತಿಯೊಬ್ಬರೂ ಬರೆದುಕೊಡಿ" ಎಂದು ಹಾಳೆ ಹಂಚಲಿ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳಿಕೊಟ್ಟ ಈ ಉಪಾಯದಲ್ಲಿ ಅಪಶಕುನ ನುಡಿಯುವುದೇ ಎಲ್ಲರ ಕರ್ತವ್ಯವಾಗುವುದರಿಂದ ಒಬ್ಬರೇ ಕೆಟ್ಟವರಾಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸೆಯ ಪರಿಶೀಲನಾ ಪಟ್ಟಿಯಲ್ಲಿ, ಕತ್ತರಿಸುವ ಮೊದಲು ಕೊಠಡಿಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಪಾತ್ರವನ್ನು ಹೇಳಬೇಕೆಂಬ ಅಂಶವಿದೆ. ಒಮ್ಮೆ ದನಿ ಹೊರಬಂದರೆ ಮತ್ತೊಮ್ಮೆ ಬರುವುದು ಸುಲಭ. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಆ ಪಟ್ಟಿಯನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ವರದಿಯಾಯಿತು. ನಮ್ಮ ಮೀಟಿಂಗಿನಲ್ಲಿ ಹನ್ನೊಂದರಲ್ಲಿ ಏಳು ಜನ ಒಂದೂವರೆ ಗಂಟೆಯಲ್ಲಿ ಒಂದು ಪದವನ್ನೂ ಆಡಲಿಲ್ಲ. ಎಣಿಸಿದ್ದೇನೆ.

ಆ ಏಳರಲ್ಲಿ ನಾನೂ ಒಬ್ಬ. ಅಂದು ಆಕೆ ಮಾತಾಡಿದಾಗ ಅವರ ಮಾತು ಸರಿಯೆಂದು ನನಗೆ ಪೂರ್ತಿ ಗೊತ್ತಿತ್ತು, ಆದರೂ ಲ್ಯಾಪ್‌ಟಾಪ್ ಪರದೆ ನೋಡುತ್ತ ಕುಳಿತಿದ್ದೆ. ಇಂದೂ ಕುಳಿತಿದ್ದೆ. ಈ ಬರಹ ಶುರುಮಾಡುವ ಮೊದಲು ಮಾಡಿದ ಒಂದೇ ಕೆಲಸವೆಂದರೆ, ಅಂದಿನ ಮಿನಿಟ್ಸಿನ ನಾಲ್ಕನೆಯ ಅಂಶದಲ್ಲಿ ಆಕೆ ಹೇಳಿದ್ದನ್ನು, ಅವರ ಹೆಸರಿನೊಂದಿಗೆ, ಪೂರ್ತಿಯಾಗಿ ಸೇರಿಸಬೇಕೆಂದು ಎಲ್ಲ ಹನ್ನೊಂದು ಜನರಿಗೂ ಮೇಲ್ ಕಳುಹಿಸಿದ್ದು. ಕಳುಹಿಸುವ ಮೊದಲು ಆಕೆಯನ್ನು ಕೇಳಿದೆ. "ಏಳು ವಾರ ತಡವಾಯಿತು ಸರ್, ಆದರೂ ಕಳುಹಿಸಿ" ಎಂದರು. ಇದುವರೆಗೆ ಯಾರಿಂದಲೂ ಉತ್ತರ ಬಂದಿಲ್ಲ. ಹಗ್ಗಜಗ್ಗಾಟದ ದಿನಕ್ಕೆ ಟೀ ಶರ್ಟಿನ ಅಳತೆ ಕೇಳುವ ಫಾರ್ಮ್ ಮಾತ್ರ ಎರಡು ಬಾರಿ ಬಂದಿದೆ.