ಹಂಡೆ ಮತ್ತು ಹೈಲೈಟರ್

ನೆಂಟರಲ್ಲಿ ಒಂದು ಪಂಗಡವಿದೆ. ಊಟ ಹೇಗಿತ್ತು ಎಂದರೆ ಸುಮ್ಮನೆ ತಲೆಯಾಡಿಸುತ್ತಾರೆ, ಮಕ್ಕಳ ಓದು ವಿಚಾರಿಸುವುದಿಲ್ಲ, ತೋಟದ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಬಚ್ಚಲಿಗೆ ಹೋಗಿ ಕೈ ತೊಳೆದು ಹೊರಬರುವಷ್ಟರಲ್ಲಿ ಅವರಲ್ಲೊಂದು ಅಭಿಪ್ರಾಯ ತಯಾರಾಗಿರುತ್ತದೆ. ಮೈಸೂರಿನಲ್ಲಿರುವ ನನ್ನ ದೊಡ್ಡಮ್ಮನ ಮಗಳು ಈ ಪಂಗಡದವಳು. "ಇದನ್ನು ಇನ್ನೂ ಹೀಗೇ ಇಟ್ಟಿದ್ದೀಯೇನೋ?" ಎಂದು ಸೀರೆಯ ನೆರಿಗೆ ಕೊಡವಿಕೊಳ್ಳುತ್ತ ಕೇಳಿದಳು. ಕೇಳಿದ್ದು ನನ್ನನ್ನು, ಕೇಳಿಸಿದ್ದು ನನ್ನ ಹೆಂಡತಿಗೆ. ಅಕ್ಕ ಸಂಜೆಯ ಬಸ್ಸಿಗೆ ಹೋದಳು. ಮಾತು ಮನೆಯಲ್ಲೇ ಉಳಿಯಿತು.

ಬಚ್ಚಲನ್ನು ಹೊಸದು ಮಾಡುವುದೆಂದಾಯಿತು. ಸಲಹೆಗೆ ಹೆಂಡತಿಯ ತಮ್ಮನನ್ನು ಕರೆಸಲಾಯಿತು. ಅವನದು ಹೋಂಸ್ಟೇ. ಕೊಡಗಿನಲ್ಲಿ ಹೋಂಸ್ಟೇ ನಡೆಸುವವರದ್ದೆಲ್ಲ ಒಂದೇ ವೇದಾಂತ: ಮನೆ ಹಳೆಯದಾದಷ್ಟೂ ಒಳ್ಳೆಯದು, ಬಾತ್‌ರೂಮು ಹೊಸದಾದಷ್ಟೂ ಒಳ್ಳೆಯದು. ಬೆಂಗಳೂರಿನಿಂದ ಬರುವವರಿಗೆ ಕಂಬ ಮುತ್ತಜ್ಜನ ಕಾಲದ್ದಿರಬೇಕು, ಕಮೋಡು ಮೊನ್ನೆ ಮೊನ್ನೆಯದಿರಬೇಕು. ಅವನ ಬಾತ್‌ರೂಮುಗಳಲ್ಲೆಲ್ಲ ರೇನ್ ಶವರ್ ಇದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿ ಸೀಮೆಗೆ ಜುಲೈಯಲ್ಲಿ ಬಂದು, ಹೊರಗಿನ ಮಳೆಗೆ ಕಿಟಕಿ ಜಡಿದು, ಒಳಗೆ ದುಡ್ಡು ಕೊಟ್ಟು ಇನ್ನೊಂದು ಮಳೆಯ ಕೆಳಗೆ ನಿಲ್ಲುವ ಜನರ ಬಗ್ಗೆ ನನಗೆ ಹೇಳುವುದಕ್ಕೆ ಬಹಳ ಇದೆ. ಹೆಂಡತಿ ಹೇಳಬೇಡಿ ಎಂದಿದ್ದಾಳೆ. ತಮ್ಮನ ಹೊಟ್ಟೆಪಾಡಿನ ಪ್ರಶ್ನೆ.

ಖರ್ಚಿಗೆ ಅವಳು ಹಾಕಿದ ಗೆರೆ 60,000 ರೂಪಾಯಿ. ಅಷ್ಟರಲ್ಲಿ ಆಗುತ್ತದೆಯೇ ಎಂದರೆ, ಆಗುತ್ತದೆ. ನೀರು ಹೋಗುವ ಪೈಪು ಇದ್ದಲ್ಲೇ ಇರಬೇಕು, ನಲ್ಲಿ ಇದ್ದ ಗೋಡೆಯಲ್ಲೇ ಇರಬೇಕು, ಟೈಲ್ಸು ಮಾಡಿನವರೆಗೆ ಏರಬಾರದು. ನೆಲ ಅಗೆದು ಹೊಸ ಪೈಪು ಎಳೆಯಲು ಹೊರಟಿರೋ, ಲೆಕ್ಕ ಬರೆಯುವುದನ್ನು ಅಲ್ಲಿಗೇ ನಿಲ್ಲಿಸಬಹುದು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಇದಲ್ಲದೆ ಯಾರಿಗೂ ಗೊತ್ತಿಲ್ಲದ ಒಂದು ಗುಟ್ಟು ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಟೈಲ್ಸಿಗೆ ಕುಶಾಲನಗರಕ್ಕೆ ಹೋದೆವು. 2024ರಲ್ಲಿ ರೋಬಸ್ಟಾ ಕಾಫಿಯ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) 50 ಕಿಲೋ ಮೂಟೆಗೆ 10,000 ರೂಪಾಯಿ ದಾಟಿದ ಮೇಲೆ ಕೊಡಗಿನವರು ಯಾವ ಅಂಗಡಿಯಲ್ಲಿ "ಸ್ವಲ್ಪ ಕಡಿಮೆಯದ್ದು ತೋರಿಸಿ" ಎಂದರೂ ಯಾರೂ ನಂಬುವುದಿಲ್ಲ. "ಕಾಫಿಗೆ ಈ ರೇಟು ಇರುವಾಗ ನೀವು ಸೆರಾಮಿಕ್ ಕೇಳ್ತೀರಲ್ಲ ಸಾರ್" ಎಂದು ಹುಡುಗ ನಕ್ಕ. ನಮ್ಮದು ಎರಡೂವರೆ ಎಕರೆ, ಅದರಲ್ಲಿ ಅರ್ಧ ಅರೇಬಿಕಾ, ಆ ಅರ್ಧದಲ್ಲಿ ಅರ್ಧ ಕಾಂಡಕೊರಕದ ಪಾಲು ಎಂದು ಟೈಲ್ಸ್ ಅಂಗಡಿಯಲ್ಲಿ ನಿಂತು ವಿವರಿಸುವುದು ಹೇಗೆ? ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿದ ಸುದ್ದಿ ಬಂದಾಗ ಯಾರೂ ಹೀಗೆ ಉತ್ಸಾಹದಿಂದ ನನ್ನ ಬಳಿ ಮಾತೆತ್ತಲಿಲ್ಲ. ಕಾಫಿ ರೇಟು ಮಾತ್ರ ಎಲ್ಲರಿಗೂ ಬಾಯಿಪಾಠ.

ಆ ಹುಡುಗನಿಂದಲೇ ತಿಳಿದದ್ದು: ಗೋಡೆ ಎಂದರೆ ಈಗ ಕೆಳಗೆ ಡಾರ್ಕ್, ಮೇಲೆ ಲೈಟ್, ನಡುವೆ ಹೈಲೈಟರ್. ಮೂರನ್ನೂ ತೆಗೆದುಕೊಳ್ಳಬೇಕು, ಒಂದನ್ನು ಬಿಡುವಂತಿಲ್ಲ. ದೇಶದ ಹೆಚ್ಚಿನ ಟೈಲ್ಸು ತಯಾರಾಗುವುದು ಗುಜರಾತಿನ ಮೋರ್ಬಿಯಲ್ಲಿ. ಮನುಷ್ಯ ಮೈಗೆ ಸೋಪು ಹಚ್ಚಿಕೊಳ್ಳುವಾಗ ಅವನ ಕಣ್ಣೆದುರು ಒಂದು ಚಿತ್ರ ಇರಲೇಬೇಕೆಂದು ಅಲ್ಲಿ ಯಾರೋ ತೀರ್ಮಾನಿಸಿದ್ದಾರೆ. ಡಾಲ್ಫಿನ್ ಇತ್ತು, ಆರ್ಕಿಡ್ ಇತ್ತು, ಗಾಜಿನ ಮೇಲಿಂದ ಜಾರುವ ನೀರ ಹನಿಗಳಿದ್ದವು. ಮಳೆಗಾಲ ಪೂರ್ತಿ ನಮ್ಮ ಗೋಡೆಗಳಲ್ಲಿ ನಿಜವಾದ ಹನಿಗಳೇ ಇಳಿಯುತ್ತವೆ, ಅದಕ್ಕೆ ಬಾಕ್ಸ್ ಲೆಕ್ಕದಲ್ಲಿ ದುಡ್ಡು ಕೊಡುವುದಿಲ್ಲ ಎಂದೆ. ಕೊನೆಗೆ ಹೆಂಡತಿ ಜರಿಗಿಡದ ಚಿತ್ರ ಆರಿಸಿದಳು. ಬಚ್ಚಲ ಕಿಟಕಿ ತೆರೆದರೆ ಮೋರಿಯ ಪಕ್ಕದಲ್ಲಿ ಅದೇ ಜರಿಗಿಡ ಸೊಂಟದೆತ್ತರ ಬೆಳೆದಿದೆ. ನಾನು ಏನೂ ಹೇಳಲಿಲ್ಲ.

ಗುಟ್ಟಿಗೆ ಬರುವ ಮೊದಲು ಹಂಡೆಯ ವಿಷಯ ಮುಗಿಸಿಬಿಡಬೇಕು.

ಹಂಡೆ ಅಜ್ಜನ ಕಾಲದ್ದು. ತಾಮ್ರದ್ದು. ಒಳಗೊಂದು ಮಗು ಕೂತರೆ ಹೊರಗೆ ತಲೆ ಕಾಣದಷ್ಟು ಆಳ. ಕಲ್ಲು ಮಣ್ಣಿನ ಒಲೆಯಲ್ಲಿ ಕುತ್ತಿಗೆಯವರೆಗೆ ಹೂತುಕೊಂಡಿತ್ತು. ಗಿಡ ಸವರುವ ಕಸಿ ಕೆಲಸದಲ್ಲಿ ಬಿದ್ದ ಕಾಫಿ ರೆಂಬೆ, ಸಿಲ್ವರ್ ಓಕಿನ ಸೌದೆ ಹಾಕಿದರೆ ಬೆಳಗಿನ ಬೆಂಕಿಗೆ ರಾತ್ರಿಯವರೆಗೆ ನೀರು ಬಿಸಿ. ಮಳೆಗಾಲದಲ್ಲಿ ಇಡೀ ಮನೆಯಲ್ಲಿ ಬೆಚ್ಚಗಿರುತ್ತಿದ್ದ ಜಾಗ ಅದೊಂದೇ. ಶಾಲೆಯ ಯೂನಿಫಾರ್ಮು, ಒದ್ದೆ ಸಾಕ್ಸು, ಕಂಬಳಿ, ನಾಳೆಯ ಸೌದೆ, ಬೆಕ್ಕು, ಎಲ್ಲ ಒಲೆಯ ಬಾಯಿಯ ಸುತ್ತ. ತೋಟದಿಂದ ಬಂದವರು ಕಾಲಿನ ಜಿಗಣೆ ಕಿತ್ತು ಬೆಂಕಿಗೆ ಎಸೆಯುತ್ತಿದ್ದದ್ದು ಅಲ್ಲೇ, ನಾವು ಹಲಸಿನ ಬೀಜ ಸುಟ್ಟು ತಿನ್ನುತ್ತಿದ್ದದ್ದೂ ಅಲ್ಲೇ. ಸ್ನಾನ ಎಂಬುದು ಅಲ್ಲಿ ನಡೆಯುತ್ತಿದ್ದ ಹಲವು ಕೆಲಸಗಳಲ್ಲಿ ಒಂದು, ಅಷ್ಟೆ. ದೀಪಾವಳಿಗೆ ಮುಂಚಿನ ನೀರು ತುಂಬುವ ಹಬ್ಬದಂದು ಅಮ್ಮ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕುತ್ತಿಗೆಗೆ ಸುಣ್ಣದ ಗೆರೆ ಎಳೆದು, ಹಾಗಲಬಳ್ಳಿ ಸುತ್ತುತ್ತಿದ್ದರು.

ಮೇಸ್ತ್ರಿ ಒಲೆ ಒಡೆದ. ನಾಲ್ಕು ಜನ ಸೇರಿ ಹಂಡೆ ಎಬ್ಬಿಸಿ ಬಾಗಿಲಿನವರೆಗೆ ಉರುಳಿಸಿಕೊಂಡು ಬಂದರು. ಹಂಡೆ ಬಾಗಿಲಲ್ಲಿ ನಿಂತಿತು. ವಾರೆ ಮಾಡಿದರು, ಬಾಯಿ ಮುಂದೆ ಮಾಡಿದರು, ತಳ ಮುಂದೆ ಮಾಡಿದರು. ಹೊಟ್ಟೆ ಬಾಗಿಲಿಗಿಂತ ನಾಲ್ಕು ಬೆರಳು ಅಗಲ.

"ಅಣ್ಣಾ, ಇದು ಒಳಗೆ ಹೇಗೆ ಬಂತು?" ಎಂದು ಮೇಸ್ತ್ರಿ ಬೆವರು ಒರೆಸಿಕೊಂಡ.

"ಅದು ಒಳಗೆ ಬರಲೇ ಇಲ್ಲ," ಎಂದರು ಅಮ್ಮ ಅಡಿಗೆಮನೆಯಿಂದ. "ಮಾವ ಮೊದಲು ಹಂಡೆ ಕೂರಿಸಿ ಆಮೇಲೆ ಸುತ್ತ ಗೋಡೆ ಎಬ್ಬಿಸಿದ್ದು."

ಅರ್ಧ ಗಂಟೆಯಲ್ಲಿ ಅಂಗಳದಲ್ಲಿ ಸಭೆ ಸೇರಿತು. ಬಾಗಿಲ ಚೌಕಟ್ಟು ಕಿತ್ತುಬಿಡಿ ಎಂದು ಒಬ್ಬರು. ಅದು ಹಲಸಿನ ಮರದ್ದು, ಕಿತ್ತರೆ ಗೋಡೆಯೂ ಬರುತ್ತದೆ ಎಂದು ಇನ್ನೊಬ್ಬರು. ಗ್ಯಾಸ್ ಕಟ್ಟರ್ ತಂದು ಹಂಡೆಯನ್ನೇ ಎರಡು ಮಾಡಿ, ಗುಜರಿಯವನು ಹೇಗೂ ತೂಕಕ್ಕೆ ತಾನೇ ತೆಗೆದುಕೊಳ್ಳುವುದು ಎಂದು ಮೂರನೆಯವನು. ಅಮ್ಮ ಹೊರಗೆ ಬಂದು ಅವನ ಮುಖ ನೋಡಿದರು, ಅವನಿಗೆ ಎಲ್ಲೋ ಕೆಲಸ ನೆನಪಾಯಿತು.

ಆಗ ಬಂದವರು ಆಚೆಮನೆಯ ಸುಬೇದಾರ್ ಮಾವ. ಕೊಡಗಿನಲ್ಲಿ ಕೂಗಿದರೆ ಕೇಳುವಷ್ಟು ದೂರದಲ್ಲಿ ಪೆನ್ಷನ್ ಬಂದ ಮಿಲಿಟ್ರಿಯವರೊಬ್ಬರು ಇದ್ದೇ ಇರುತ್ತಾರೆ. ಇವರು ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು, ಸೇತುವೆ ಕಟ್ಟುವುದನ್ನೂ ಒಡೆಯುವುದನ್ನೂ ಕಲಿತವರು, ಹಳ್ಳಿಗೆ ಬಂದ ಮೇಲೆ ಎರಡಕ್ಕೂ ಅವಕಾಶವಿಲ್ಲದೆ ಕೊರಗುತ್ತಿದ್ದವರು. ಹಂಡೆಯ ಸುತ್ತ ಒಂದು ಸುತ್ತು ಬಂದರು. ತಲೆ ಎತ್ತಿ ಮಾಡು ನೋಡಿದರು. "ಮೇಲಿಂದ," ಎಂದರು.

ಮಂಗಳೂರು ಹಂಚಿನ ದೊಡ್ಡ ಗುಣ ಇದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಕಾಲದಿಂದ ಇಂದಿನವರೆಗೆ ಅದಕ್ಕೆ ಮೊಳೆ ಬೇಡ, ಗಾರೆ ಬೇಡ. ಒಂದರ ಮೇಲೊಂದು ಕಚ್ಚಿ ಕೂತಿರುತ್ತವೆ, ಎತ್ತಿದರೆ ಏಳುತ್ತವೆ. ಹಂಚು ಇಳಿಸಿ, ರೀಪು ಕತ್ತರಿಸಿ, ಒಂದು ಪಕ್ಕಾಸು ಸರಿಸಿ, ಮೂರು ಮರ ನಿಲ್ಲಿಸಿ, ಬಾವಿಯ ರಾಟೆ ಕಟ್ಟಿದರು. ಮೇಸ್ತ್ರಿಯದು ಮಲಯಾಳ, ಟೈಲ್ಸಿನ ಹುಡುಗನದು ಹಿಂದಿ, ಹಗ್ಗ ಹಿಡಿದ ನಮ್ಮವರದು ಅರೆಭಾಷೆ. ಹಂಡೆ ಮಾಡಿನ ತೂತಿನಲ್ಲಿ ಅರ್ಧ ಹೊರಬಂದಾಗ ಮಾವ "ಥಮ್!" ಎಂದು ಅಬ್ಬರಿಸಿದರು. ಎಲ್ಲ ಭಾಷೆಯವರೂ ನಿಂತರು. ಏನೋ ಅನಾಹುತ ಎಂದು ನಾನು ಓಡಿದರೆ, ಏನಿಲ್ಲ, ಹತ್ತು ಗಂಟೆಯ ಕಾಫಿ ಬಂದಿತ್ತು. ಹಗ್ಗವನ್ನು ಮಾವಿನ ಮರಕ್ಕೆ ಬಿಗಿದು ಎಲ್ಲರೂ ಕುಡಿಯಲು ಕೂತರು. ರಸ್ತೆಯಲ್ಲಿ ಹೋಗುವವರೆಲ್ಲ ಜೀಪು ನಿಧಾನ ಮಾಡಿ ನೋಡಿದರು. "ಬಚ್ಚಲಿಗೆ ಕಲಶ ಇಡ್ತಿದ್ದೀರಾ?" ಎಂದು ಒಬ್ಬರು ಕೇಳಿಯೂ ಬಿಟ್ಟರು.

ಹಂಡೆ ಇಳಿಯಿತು. ಮಾಡು ನಾಳೆ ಮುಚ್ಚೋಣ ಎಂದಾಯಿತು. ಅದು ಮಾರ್ಚ್ ತಿಂಗಳು, ಇಡೀ ಕೊಡಗು ಹೂಮಳೆಗೆ ಬಾಯಿಬಿಟ್ಟು ಕಾಯುವ ಸಮಯ. ಆ ರಾತ್ರಿಯೇ ಬಂತು. ಬೆಳಿಗ್ಗೆ ಊರೆಲ್ಲ ಫೋನು: "ನಿಮಗೆಷ್ಟು?" "ಒಂದು ಇಂಚು ಹತ್ತು ಸೆಂಟು. ನಿಮಗೆ?" ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಪಾಲು. ಕಾಫಿ ಹೂ ಅರಳಲು ಅಷ್ಟು ಮಳೆ ಸಾಕು. ಎಲ್ಲರ ದನಿಯಲ್ಲೂ ಹಬ್ಬ. ಅದೇ ಒಂದು ಇಂಚು ನಮ್ಮ ಬಚ್ಚಲಲ್ಲಿ ಪೇರಿಸಿಟ್ಟ ಸಿಮೆಂಟಿನ ಮೂಟೆಗಳ ಮೇಲೂ ಬಿದ್ದಿತ್ತು. ಶಾಪ ಹಾಕೋಣವೆಂದರೆ ಎರಡೂವರೆ ಎಕರೆ ನಮ್ಮದೂ ಇದೆ. ಮನೆಯ ಮುಂದೆ ನಿಂತರೆ ಸಂತೋಷ, ಹಿಂದೆ ಹೋದರೆ ಸಂಕಟ. ಕಲ್ಲಾದ ಸಿಮೆಂಟು ಮೂಟೆಗಳು ಈಗ ದನದ ಕೊಟ್ಟಿಗೆಗೆ ಮೆಟ್ಟಿಲಾಗಿವೆ. 60,000ದ ಗೆರೆಯ ಬಗ್ಗೆ ಆಮೇಲೆ ಯಾರೂ ಮಾತಾಡಲಿಲ್ಲ. ನಾನು ಹೇಳುತ್ತೇನೆಂದ ಗುಟ್ಟೂ ಆ ಮಳೆಯಲ್ಲೇ ಕೊಚ್ಚಿಹೋಯಿತು.

ಟೈಲ್ಸ್ ಹಾಕಿದ ಹುಡುಗ ರಾಜಸ್ಥಾನದವನು. ಕೈ ಚುರುಕು, ಗೆರೆ ನೇರ, ಜರಿಗಿಡದ ಎಲೆಗೆ ಎಲೆ ಕೂಡಿಸಿದ ರೀತಿ ನೋಡಿ ನನಗೇ ಮೆಚ್ಚಿಕೆಯಾಯಿತು. ಬಚ್ಚಲ ನೆಲ ಮೀಟರಿಗೆ ಒಂದೂವರೆ ಸೆಂಟಿಮೀಟರಾದರೂ ನೀರಿನ ತೂತಿನ ಕಡೆ ಇಳಿಯಬೇಕು. ಸುಬೇದಾರ್ ಮಾವ ಪರೀಕ್ಷೆಗೆ ಬಂದರು. ಅವರಿಗೆ ರಸಮಟ್ಟದಲ್ಲಿ ನಂಬಿಕೆಯಿಲ್ಲ. ಜೇಬಿನಿಂದ ನಿಂಬೆಹಣ್ಣು ತೆಗೆದು ನೆಲದಲ್ಲಿ ಬಿಟ್ಟರು. ಮೂರು ಮೂಲೆಯಿಂದ ನಿಂಬೆ ಸರಿಯಾಗಿ ತೂತಿಗೆ ಹೋಯಿತು. ನಾಲ್ಕನೆಯ ಮೂಲೆಯಲ್ಲಿ ಕೂತದ್ದು ಏಳಲಿಲ್ಲ. ಒಂದು ಚೊಂಬು ನೀರು ಹೊಯ್ದರೆ ಅದೂ ಅಲ್ಲೇ ಕೂತಿತು.

"ಸೂಖ್ ಜಾಯೇಗಾ ಸಾಬ್," ಎಂದ ಹುಡುಗ. ಒಣಗುತ್ತದೆ.

ಅವನನ್ನು ಬೈಯಲು ಮನಸ್ಸಾಗಲಿಲ್ಲ. ಅವನ ಊರಿನಲ್ಲಿ ಒಣಗುತ್ತದೆ. ನೆಲದಲ್ಲಿ ನೀರು ನಿಂತರೆ ಬಿಸಿಲು ಬಂದು ಕುಡಿದು ಹೋಗುತ್ತದೆ ಎಂಬ ನಂಬಿಕೆ ಹಾಲಿನೊಂದಿಗೆ ಬಂದದ್ದು. ಜೂನ್‌ನಲ್ಲಿ ತೊಳೆದು ಹಾಕಿದ ಪಂಚೆ ಸೆಪ್ಟೆಂಬರಿನಲ್ಲೂ ತಣ್ಣಗೇ ಇರುವ ಊರೊಂದಿದೆ ಎಂದು ಯಾವ ಹಿಂದಿಯಲ್ಲಿ ಹೇಳುವುದು? ನೂರು ರೂಪಾಯಿಯ ವೈಪರು ತಂದೆವು. ಸ್ನಾನ ಮಾಡಿದವರು ಆ ಮೂಲೆ ಎಳೆದೇ ಹೊರಬರಬೇಕು ಎಂಬುದು ಈಗ ಮನೆಯ ಕಾನೂನು. ಪಾಲಿಸುವವನು ನಾನೊಬ್ಬನೇ.

ನೀರು ಕಾಯಿಸುವ ಬಗ್ಗೆ ಭಾವಮೈದ ಗ್ಯಾಸ್ ಗೀಸರ್ ಸಾಕು, ಅಗ್ಗ ಎಂದಿದ್ದ. ಗಾಳಿಯಾಡದ ಬಚ್ಚಲಲ್ಲಿ ಅದು ಬೇಡವೇ ಬೇಡ; ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಒಳಗಿದ್ದವರಿಗೆ ತಿಳಿಯುವುದೂ ಇಲ್ಲ. ನಮ್ಮಲ್ಲಿ ಮಳೆಗಾಲ ಬಂತೆಂದರೆ ಕಿಟಕಿ ತೆರೆಯುವವರು ಯಾರು? ಸೋಲಾರ್ ಮಾತನ್ನು ಎತ್ತಿದವರೇ ಹೊರಗೆ ನೋಡಿ ವಾಪಸ್ ತೆಗೆದುಕೊಂಡರು. ಕೊನೆಗೆ ಹಾಕಿಸಿದ್ದು 15 ಲೀಟರಿನ, 2,000 ವ್ಯಾಟಿನ ಕರೆಂಟ್ ಗೀಸರ್. ಹದಿನೈದು ಲೀಟರು ನೀರು ನಮ್ಮಜ್ಜಿಗೆ ಕೈಕಾಲು ತೊಳೆಯಲು ಸಾಲುತ್ತಿರಲಿಲ್ಲ. ಅದೂ ಕರೆಂಟು ಇದ್ದರೆ. ಗಾಳಿ ಬೀಸಿದರೆ ಯಾವುದೋ ತೋಟದಲ್ಲಿ ಸಿಲ್ವರ್ ಓಕು ತಂತಿಯ ಮೇಲೆ ಬೀಳುತ್ತದೆ, ಬಿದ್ದ ಮರ ಎತ್ತುವಷ್ಟರಲ್ಲಿ ಇನ್ನೊಂದು. ಆ ದಿನಗಳಲ್ಲಿ ನಮ್ಮ ಹೊಸ ಬಾತ್‌ರೂಮಿನ ಚಂದ ನೋಡಬೇಕು. ನೆಲ ಕೊರೆಯುತ್ತದೆ, ಗೋಡೆ ಬೆವರುತ್ತದೆ, ಜರಿಗಿಡದ ಮೇಲೆ ನಿಜವಾದ ಹನಿ ಇಳಿಯುತ್ತದೆ. ಇಡೀ ಮನೆಯಲ್ಲಿ ಅತ್ಯಂತ ತಣ್ಣಗಿರುವ ಕೋಣೆ ಅದೇ. ಬೆಕ್ಕು ಆ ಕಡೆ ಸುಳಿಯುವುದಿಲ್ಲ. ಮೈಸೂರಿನ ಅಕ್ಕನಿಗೆ ಫೋಟೋ ಕಳಿಸಿದ್ದೆವು. "ಸೂಪರ್" ಎಂದು ಬಂತು. ಅವಳು ಮಳೆಗಾಲದಲ್ಲಿ ಬರುವವಳಲ್ಲ.

ಅಮ್ಮ ಗೀಸರಿನ ಸ್ವಿಚ್ಚನ್ನು ಇದುವರೆಗೆ ಮುಟ್ಟಿಲ್ಲ. ಹಿತ್ತಿಲಿನ ಚಾವಡಿಯಲ್ಲಿ ಮೂರು ಕಲ್ಲು ಹೂಡಿ, ಅಲ್ಯುಮಿನಿಯಂ ತಪ್ಪಲೆಯಲ್ಲಿ ನೀರು ಕಾಯಿಸಿ, ಬಕೆಟಿನಲ್ಲಿ ಹೊತ್ತು ತಂದು ಟೈಲ್ಸಿನ ಮೇಲೆ ನಿಂತು ಸ್ನಾನ ಮಾಡುತ್ತಾರೆ. ನಾನು ಹೊರುತ್ತೇನೆ ಎಂದರೆ ಬೇಡ ಎನ್ನುತ್ತಾರೆ, ಆ ಬೇಡದಲ್ಲಿ ಇಡೀ ಕಾಮಗಾರಿಯ ವಿಮರ್ಶೆ ಇರುತ್ತದೆ.

ಮೊನ್ನೆ ಭಾವಮೈದ ಹಂಡೆ ಕೇಳಲು ಬಂದ. ಅವನ ರಿಸೆಪ್ಷನ್ನಿನಲ್ಲಿ ಇಡುತ್ತಾನಂತೆ. ತಿಕ್ಕಿಸಿ ಪಾಲಿಶ್ ಹೊಡೆಸಿ, ಒಳಗೆ ಮನಿ ಪ್ಲಾಂಟ್ ಇಳಿಬಿಟ್ಟು, ಮೇಲಿಂದ ಒಂದು ಹಳದಿ ಲೈಟು. "ಗೆಸ್ಟುಗಳು ಇಂಥದ್ದಕ್ಕೆ ಪ್ರಾಣ ಬಿಡ್ತಾರೆ ಭಾವ." ನನಗೆ ಮೈ ಉರಿಯಿತು. ಹಂಡೆ ಇದ್ದ ಬಚ್ಚಲು ಹಳೆಯದಾಯಿತು ಎಂದು ಒಡೆಸಿದವರ ಸಾಲಿನಲ್ಲಿ ಇವನೂ ಇದ್ದ. ಈಗ ಅದೇ ಹಂಡೆ ಪರಂಪರೆಯಾಗಿ ಅವನ ಬಾಗಿಲಲ್ಲಿ ಕೂತು ಬಂದವರ ಸೆಲ್ಫಿಗೆ ಮುಖ ಕೊಡಬೇಕಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕಾಫಿ ಹಿಡಿದು ಬಂದರು.

"ತಗೊಂಡು ಹೋಗು ಮಗಾ," ಎಂದರು. "ಆದರೆ ಮನಿ ಪ್ಲಾಂಟ್ ಬೇಡ. ಒಂದು ಒಲೆ ಕಟ್ಟಿಸಿ ಅದರ ಮೇಲೆ ಇಡು. ಶನಿವಾರ ಶನಿವಾರ ನಾನು ಸ್ನಾನಕ್ಕೆ ಅಲ್ಲಿಗೇ ಬರ್ತೇನೆ."

ಅವನು ಜೋರಾಗಿ ನಕ್ಕ, ಅತ್ತೆ ತಮಾಷೆ ಮಾಡುತ್ತಿದ್ದಾರೆಂದು. ಅಮ್ಮ ನಗಲಿಲ್ಲ.

"ಸೌದೆ ನಾನೇ ತರ್ತೇನೆ. ಅದಕ್ಕೆ ನೀನು ಚಿಂತೆ ಮಾಡಬೇಡ."